ಪುಕ್ಕಟೆ ಅಂಗಡಿಯ ಬಾಡಿಗೆ ಯಾರು ಕಟ್ಟುತ್ತಾರೆ?



ಮನೆಯಲ್ಲೇ ಮಸಾಲೆ ಪುಡಿ ಮಾಡಿ ಮಾರುವವರು, ಅಬಾಯಕ್ಕೆ ಕಸೂತಿ ಹಾಕಿ ಕೊಡುವವರು, ಮೆಹಂದಿ ಕೋನ್ ಕಟ್ಟುವವರು, ಹುಟ್ಟುಹಬ್ಬಕ್ಕೆ ಕೇಕ್ ಮಾಡಿ ಕೊಡುವವರು ಇಂದು ಎಲ್ಲ ಊರುಗಳಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಅಂಗಡಿ ಇಲ್ಲ, ಬೋರ್ಡಿಲ್ಲ, ಮುಂಗಡ ಕೊಟ್ಟು ಕೋಣೆ ಹಿಡಿಯುವ ಶಕ್ತಿಯೂ ಇಲ್ಲ. ಇರುವುದು ಕೈಯಲ್ಲೊಂದು ಮೊಬೈಲ್. ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಒಂದು ಫೋಟೊ, ಇನ್‌ಸ್ಟಾಗ್ರಾಂನಲ್ಲಿ ಒಂದು ಸಣ್ಣ ವಿಡಿಯೊ. ಅಷ್ಟರಿಂದಲೇ ಮಗುವಿನ ಶಾಲಾ ಶುಲ್ಕದಷ್ಟೋ, ವಯಸ್ಸಾದ ತಾಯಿಯ ಔಷಧಿಯಷ್ಟೋ ಗಳಿಸುವವರಿದ್ದಾರೆ. ಹೊಸಿಲು ದಾಟದೆ ನಡೆಯುವ ಈ ವ್ಯಾಪಾರವನ್ನು ಯಾರೂ ಹಗುರವಾಗಿ ಕಾಣಬಾರದು.

ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಇಲ್ಲ. ಪೇಟೆಯಲ್ಲಿ ಹತ್ತಡಿ ಜಾಗಕ್ಕೂ ಬಾಡಿಗೆ ಇದೆ, ಕರೆಂಟು ಬಿಲ್ಲು ಇದೆ. ನಮ್ಮ ಮೊಬೈಲ್ ಅಂಗಡಿಗೆ ಮಾತ್ರ ಏನೂ ಇಲ್ಲ. ಅದು ಹೇಗೆ? ಯಾರೂ ಕಟ್ಟದ ಬಾಡಿಗೆ ಎಂಬುದು ಲೋಕದಲ್ಲಿ ಇದೆಯೇ? ನಾವು ಕಟ್ಟುತ್ತಿಲ್ಲವೆಂದರೆ ಬೇರೆ ಯಾರೋ ಕಟ್ಟುತ್ತಿದ್ದಾರೆ. ಅಥವಾ ನಮಗೆ ತಿಳಿಯದಂತೆ ನಾವೇ ಕಟ್ಟುತ್ತಿದ್ದೇವೆ. ಈ ತಿಂಗಳು ಈ ವಿಚಾರವನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಜಾಹೀರಾತಿನ ಪುಕ್ಕಟೆ

ಮೊಬೈಲಿನಲ್ಲಿ ಎರಡು ಬಗೆಯ ಪುಕ್ಕಟೆಗಳಿವೆ. ಮೊದಲನೆಯದು ದೊಡ್ಡ ಕಂಪನಿಗಳು ಕೊಡುವಂಥದ್ದು. ಫೇಸ್‌ಬುಕ್ ಕಂಪನಿ 2012ರಲ್ಲಿ ಇನ್‌ಸ್ಟಾಗ್ರಾಂ ಅನ್ನೂ 2014ರಲ್ಲಿ ವಾಟ್ಸ್‌ಆ್ಯಪನ್ನೂ ಕೊಂಡುಕೊಂಡಿತು. 2021ರಲ್ಲಿ ಮೆಟಾ ಎಂದು ಹೆಸರು ಬದಲಿಸಿಕೊಂಡಿತು. 2023ರಲ್ಲಿ ಈ ಕಂಪನಿಗೆ ಬಂದ ಆದಾಯ ಸುಮಾರು 13,490 ಕೋಟಿ ಡಾಲರ್. ಅದರಲ್ಲಿ ಜಾಹೀರಾತಿನಿಂದ ಬಂದದ್ದೇ ಸುಮಾರು 13,190 ಕೋಟಿ ಡಾಲರ್. ಅಂದರೆ ನೂರರಲ್ಲಿ ತೊಂಬತ್ತೇಳಕ್ಕಿಂತಲೂ ಹೆಚ್ಚು. ಈ ಜಾಹೀರಾತು ಕೊಡುವವರಿಗೆ ಕಂಪನಿ ಮಾರುವುದು ಏನನ್ನು? ನಮ್ಮ ನಿಮ್ಮ ಗಮನವನ್ನು. ನಾವು ಏನನ್ನು ನೋಡುತ್ತೇವೆ, ಎಷ್ಟು ಹೊತ್ತು ನೋಡುತ್ತೇವೆ, ಯಾವುದನ್ನು ಕೊಳ್ಳಬಹುದು ಎಂಬ ಲೆಕ್ಕವನ್ನು. ಬಾಡಿಗೆ ಹೀಗೆ ಸಂದಾಯವಾಗುತ್ತದೆ.

ಇದನ್ನು ತಪ್ಪೆಂದು ಹೇಳಿ ಮೊಬೈಲ್ ಬಿಸಾಡಿ ಎನ್ನುವುದು ನನ್ನ ಉದ್ದೇಶವಲ್ಲ. 2018ರ ಜನವರಿಯಲ್ಲಿ ಸಣ್ಣ ವ್ಯಾಪಾರಿಗಳಿಗಾಗಿಯೇ ಬಂದ ವಾಟ್ಸ್‌ಆ್ಯಪ್ ಬ್ಯುಸಿನೆಸ್ ಎಷ್ಟೋ ಮಹಿಳೆಯರಿಗೆ ಉಪಕಾರ ಮಾಡಿದೆ. ಆದರೆ ಬಾಡಿಗೆದಾರಳು ತಾನು ಬಾಡಿಗೆದಾರಳೆಂಬುದನ್ನು ಮರೆಯಬಾರದು. ಜಾಗ ನಮ್ಮದಲ್ಲ. ಅದರ ನಿಯಮ ನಮ್ಮದಲ್ಲ. ಬೀಗದ ಕೈ ಕೂಡ ನಮ್ಮಲ್ಲಿಲ್ಲ.

ಮೂರು ಉದಾಹರಣೆ ನೋಡಿ. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ನಿಯಮವನ್ನು ಬದಲಿಸಿತು. ವ್ಯಾಪಾರಿಗಳ ಪುಟಗಳಿಗಿಂತ ಬಂಧುಮಿತ್ರರ ಮಾತುಕತೆಗೆ ಮೊದಲ ಜಾಗ ಎಂದು ಸಾರಿತು. ವರ್ಷಗಟ್ಟಲೆ ಪುಟ ಬೆಳೆಸಿದ್ದ ಸಣ್ಣ ವ್ಯಾಪಾರಿಗಳು, ತಮ್ಮ ಮಾತು ತಮ್ಮದೇ ಗಿರಾಕಿಗೆ ತಲುಪಬೇಕಾದರೆ ಹಣ ಕೊಡಬೇಕಾಗಿ ಬಂತು. 2020ರ ಜೂನ್ 29ರಂದು ನಮ್ಮ ಸರಕಾರ ಟಿಕ್‌ಟಾಕ್ ಸೇರಿದಂತೆ 59 ಚೀನಾ ಆ್ಯಪ್‌ಗಳನ್ನು ನಿಷೇಧಿಸಿತು. ಕಾರಣ ಏನೇ ಇರಲಿ, ಅಲ್ಲಿ ಹೆಸರು ಗಳಿಸಿದ್ದವರ ಗಿರಾಕಿಗಳೆಲ್ಲ ಹೆಚ್ಚುಕಡಿಮೆ ಒಂದೇ ರಾತ್ರಿಯಲ್ಲಿ ಚದುರಿಹೋದರು. 2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತು ಗಂಟೆಯ ನಂತರ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಒಟ್ಟಿಗೆ ನಿಂತುಹೋದವು. ಸುಮಾರು ಆರು ಗಂಟೆ ಕಾಲ ಜಗತ್ತಿನ ಯಾವ ಮೂಲೆಯಲ್ಲೂ ಅವು ನಡೆಯಲಿಲ್ಲ. ಮರುದಿನ ಬೆಳಿಗ್ಗೆ ತಲುಪಿಸಬೇಕಾದ ಕೇಕಿನ ವಿಳಾಸ ವಾಟ್ಸ್‌ಆ್ಯಪಿನೊಳಗೇ ಇದ್ದರೆ ಆ ರಾತ್ರಿ ಆ ಮನೆಯವಳ ಪಾಡೇನು? ಯೋಚಿಸಿ ನೋಡಿ.

ನಿಮ್ಮದೇ ಆದ ದಫ್ತರ

ಆದ್ದರಿಂದ ಮೊದಲ ಸಲಹೆ: ಒಂದು ನೋಟ್‌ಬುಕ್ ಇಡಿ. ಗಿರಾಕಿಯ ಹೆಸರು, ಫೋನ್ ನಂಬರ್, ಊರು, ಏನು ಕೊಂಡರು, ಯಾವ ತಾರೀಖು ಎಂದು ಬರೆದಿಡಿ. ಐವತ್ತು ಹೆಸರಾದರೆ ಅದು ನಿಮ್ಮ ಆಸ್ತಿ. ಯಾವ ಆ್ಯಪ್ ಮುಚ್ಚಿದರೂ ಆ ಆಸ್ತಿ ನಿಮ್ಮದೇ. ಆ ನಂಬರ್‌ಗಳು ನಿಮ್ಮಲ್ಲಿ ಅಮಾನತ್ತು ಎಂಬುದನ್ನೂ ನೆನಪಿಡಿ. ಅವನ್ನು ಇನ್ನೊಬ್ಬರಿಗೆ ಕೊಡಬಾರದು, ಕೇಳದೆ ಗ್ರೂಪಿಗೆ ಸೇರಿಸಬಾರದು.

ಎರಡನೆಯದು, ಬೆಲೆಯನ್ನು ಬಹಿರಂಗವಾಗಿ ಬರೆಯಿರಿ. ‘ಬೆಲೆಗಾಗಿ ಮೆಸೇಜ್ ಮಾಡಿ’ ಎಂದು ಬರೆಯುವ ಅಭ್ಯಾಸ ಈಗ ಹೆಚ್ಚಾಗಿದೆ. ಕೇಳಿದವರ ಮುಖ ನೋಡಿ ಬೆಲೆ ಹೇಳುತ್ತಾರೋ ಎಂಬ ಸಂಶಯ ಅದರಿಂದ ಹುಟ್ಟುತ್ತದೆ. ತೂಕ ಎಷ್ಟು, ಏನೇನು ಹಾಕಿದ್ದೀರಿ, ಎಷ್ಟು ದಿನ ಕೆಡುವುದಿಲ್ಲ, ಕಳುಹಿಸುವ ಖರ್ಚು ಯಾರದ್ದು ಎಂದು ಮೊದಲೇ ಹೇಳಿಬಿಡಿ. ಫೋಟೊ ನಿಮ್ಮ ಕೈಯ ಕೆಲಸದ್ದೇ ಆಗಿರಲಿ. ಹಗಲು ಹೊತ್ತು ಕಿಟಕಿಯ ಬಳಿ ಇಟ್ಟು ತೆಗೆದರೆ ಸಾಧಾರಣ ಮೊಬೈಲಿನಲ್ಲೂ ಬಣ್ಣ ಸರಿಯಾಗಿ ಬರುತ್ತದೆ. ಬೇರೆಯವರ ಚೆಂದದ ಫೋಟೊ ಎತ್ತಿಕೊಂಡು ಹಾಕಿ, ಬೇರೆ ಸಾಮಾನು ಕಳುಹಿಸುವುದು ವ್ಯಾಪಾರವಲ್ಲ, ಮೋಸ. ನಿಮ್ಮ ಮುಖ ತೋರಿಸಲೇಬೇಕೆಂಬ ನಿಯಮವೇನೂ ಇಲ್ಲ. ಸೂಜಿ ಹಿಡಿದ ಕೈ, ಹುರಿಯುವ ಕೊತ್ತಂಬರಿ, ಬಟ್ಟೆಯ ಮೇಲೆ ಮೂಡುವ ಹೂವು, ಇಷ್ಟೇ ಸಾಕು. ತಿನ್ನುವ ವಸ್ತು ಮಾರುವವರು ಮನೆಯಲ್ಲೇ ಮಾಡಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಬೇಕು. ಅದರ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಿದರೆ ನಂಬಿಕೆಯೂ ಬೆಳೆಯುತ್ತದೆ.

ಮೂರನೆಯದು, ಹಣ ಕೊಟ್ಟು ಜಾಹೀರಾತು ಹಾಕುವ ವಿಚಾರ. ಶಾಲೆಯಲ್ಲಿ ಮಕ್ಕಳಿಗೆ ಲಾಭ-ನಷ್ಟದ ಲೆಕ್ಕ ಹೇಳಿಕೊಡುವಂತೆಯೇ ಇಲ್ಲೂ ಹೇಳುತ್ತೇನೆ. ನಿಮ್ಮ ಕೇಕಿಗೆ 600 ರೂಪಾಯಿ ಎಂದಿಟ್ಟುಕೊಳ್ಳಿ. ಮೈದಾ, ಮೊಟ್ಟೆ, ಗ್ಯಾಸ್, ಡಬ್ಬ ಎಲ್ಲ ಸೇರಿ 450 ಆಯಿತು. ಉಳಿಯುವುದು 150. ನೀವು 500 ರೂಪಾಯಿ ಕೊಟ್ಟು ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಹಾಕಿದಿರಿ. ಸಾವಿರ ಜನ ನೋಡಿದರು, ಎಂಬತ್ತು ಮಂದಿ ಲೈಕ್ ಒತ್ತಿದರು, ಮೂವರು ಕೇಕ್ ಕೊಂಡರು. ಉಳಿದದ್ದು 450, ಹೋದದ್ದು 500. ಐವತ್ತು ರೂಪಾಯಿ ನಷ್ಟ. ಎಂಬತ್ತು ಲೈಕ್ ನೋಡಿ ಸಂತೋಷಪಟ್ಟವಳಿಗೆ ಈ ಐವತ್ತು ಕಾಣುವುದಿಲ್ಲ. ಆ ಮೂವರಲ್ಲಿ ಒಬ್ಬರಾದರೂ ಮತ್ತೆ ಬಂದರೆ ಲೆಕ್ಕ ತಿರುಗಬಹುದು. ಅದನ್ನು ತಿಳಿಯಬೇಕಾದರೂ ನೋಟ್‌ಬುಕ್ ಬೇಕು. ಹಾಕುವುದಾದರೆ ಸಣ್ಣ ಮೊತ್ತದಿಂದ, ನೀವು ತಲುಪಿಸಬಲ್ಲ ಊರುಗಳಿಗೆ ಮಾತ್ರ ಹಾಕಿ. ಹಣ ಕೊಟ್ಟು ಫಾಲೋವರ್ಸ್ ಕೊಳ್ಳುವ ಗೋಜಿಗಂತೂ ಹೋಗಲೇಬೇಡಿ. ಅವರು ಮಸಾಲೆ ಪುಡಿ ಕೊಳ್ಳುವವರಲ್ಲ.

ಈ ಲೆಕ್ಕದಲ್ಲಿ ಇನ್ನೂ ಒಂದು ತಪ್ಪಿಹೋಗಿದೆ, ಗಮನಿಸಿದಿರಾ? ಕೇಕ್ ಮಾಡಲು ನೀವು ನಿಂತ ಮೂರು ಗಂಟೆಯ ಕೂಲಿ. ಅದನ್ನು ಯಾರೂ ಸೇರಿಸುವುದಿಲ್ಲ, ನಾವೂ ಸೇರಿಸುವುದಿಲ್ಲ. ಮನೆಯಲ್ಲಿ ಮಾಡಿದ ಕೆಲಸಕ್ಕೆ ಬೆಲೆಯಿಲ್ಲ ಎಂಬ ಹಳೆಯ ಅಭ್ಯಾಸ ನಮ್ಮ ವ್ಯಾಪಾರದೊಳಗೂ ಬಂದು ಕೂತಿದೆ. ಈ ಮಾತನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ. ಎರಡನೆಯ ಬಗೆಯ ಪುಕ್ಕಟೆ ಅರ್ಥವಾಗಲು ಇದೇ ಕೀಲಿಕೈ.

ಯಾರೋ ತುಂಬಿಸಿಟ್ಟ ನೀರು

ಬೇಸಿಗೆಯಲ್ಲಿ ದಾರಿ ಬದಿಯ ಮರದಡಿ ಅರವಟ್ಟಿಗೆ ಇಡುತ್ತಾರೆ. ಬಂದವರೆಲ್ಲ ನೀರು ಕುಡಿದು ಹೋಗುತ್ತಾರೆ. ಅಲ್ಲಿ ಜಾಹೀರಾತಿಲ್ಲ, ಲೆಕ್ಕ ಬರೆಯುವವರಿಲ್ಲ. ಕಂಪ್ಯೂಟರ್ ಲೋಕದಲ್ಲೂ ಇಂಥ ಅರವಟ್ಟಿಗೆಗಳಿವೆ. ಅವಕ್ಕೆ ಮುಕ್ತ ತಂತ್ರಾಂಶ ಅಥವಾ ಓಪನ್ ಸೋರ್ಸ್ ಎನ್ನುತ್ತಾರೆ.

ಹೊಲಿಗೆ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೆಲವು ಟೈಲರ್‌ಗಳು ಅಂಗಿ ಹೊಲಿದು ಕೊಡುತ್ತಾರೆ, ಕಟ್ಟಿಂಗ್ ಹೇಗೆಂದು ಯಾರಿಗೂ ತೋರಿಸುವುದಿಲ್ಲ. ಇನ್ನು ಕೆಲವರು ಕತ್ತರಿಸುವ ಅಳತೆಯ ಕಾಗದವನ್ನೇ ಕೊಟ್ಟುಬಿಡುತ್ತಾರೆ. ನೀವೂ ಹೊಲಿಯಿರಿ, ನಿಮಗೆ ಬೇಕಾದಂತೆ ಬದಲಿಸಿ, ಬೇಕಾದರೆ ಮಾರಿ, ಇನ್ನೊಬ್ಬರಿಗೂ ಕೊಡಿ ಎನ್ನುತ್ತಾರೆ. ಮುಕ್ತ ತಂತ್ರಾಂಶ ಬರೆಯುವವರು ಎರಡನೆಯ ಸಾಲಿನವರು.

ನಿಮ್ಮ ಸಣ್ಣ ವ್ಯಾಪಾರದಲ್ಲಿ ಇವರ ಪಾಲು ಎಷ್ಟಿದೆ ಗೊತ್ತೇ? ಆಂಡ್ರಾಯ್ಡ್ ಮೊಬೈಲಿನ ಬುಡದಲ್ಲಿರುವುದು 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಆರಂಭಿಸಿದ ಲಿನಕ್ಸ್. ಗಿರಾಕಿ ನಿಮಗೆ ಕಳುಹಿಸುವ ವಾಟ್ಸ್‌ಆ್ಯಪ್ ಸಂದೇಶವನ್ನು ನಡುದಾರಿಯಲ್ಲಿ ಯಾರೂ ಓದದಂತೆ ಬೀಗ ಹಾಕುವ ವಿಧಾನ ಸಿಗ್ನಲ್ ಎಂಬ ಮುಕ್ತ ತಂತ್ರಾಂಶದ ತಂಡದಿಂದ ಬಂದದ್ದು. ಸ್ವಂತ ವೆಬ್‌ಸೈಟ್ ಮಾಡಿಸಬೇಕೆಂದರೆ 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಇದೆ, ಅದರ ಮೇಲೆ ಅಂಗಡಿ ನಡೆಸಲು ವೂಕಾಮರ್ಸ್ ಇದೆ. ಪೋಸ್ಟರ್ ಮಾಡಲು ಗಿಂಪ್, ಇಂಕ್‌ಸ್ಕೇಪ್ ಇವೆ. ಪೋಸ್ಟರಿನಲ್ಲಿ ದುಂಡುದುಂಡಾಗಿ ಕಾಣುವ ‘ಬಾಲೂ ತಮ್ಮ’ ಎಂಬ ಕನ್ನಡ ಅಕ್ಷರವಿದೆಯಲ್ಲ, ಅದನ್ನೂ ಮುಂಬೈಯ ಏಕ್ ಟೈಪ್ ತಂಡ ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಟ್ಟಿದೆ.

ಮಡಕೆ ತುಂಬಿಸುವವರ ಪಾಡು

ನೀರು ಕುಡಿದವರು ಮಡಕೆ ತುಂಬಿಸುವವರನ್ನು ಕೇಳುವುದಿಲ್ಲ. ಅದರ ಫಲವೇನೆಂದು 2014ರ ಏಪ್ರಿಲ್‌ನಲ್ಲಿ ಜಗತ್ತು ಕಂಡಿತು. ಬ್ಯಾಂಕು, ಇಮೇಲು, ಆನ್‌ಲೈನ್ ಅಂಗಡಿಗಳಲ್ಲಿ ನಮ್ಮ ಪಾಸ್‌ವರ್ಡ್‌ಗಳನ್ನು ಕಾಯುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ಒಂದು ದೊಡ್ಡ ತೂತು ಪತ್ತೆಯಾಯಿತು. ಹಾರ್ಟ್‌ಬ್ಲೀಡ್ ಎಂದು ಅದಕ್ಕೆ ಹೆಸರಿಟ್ಟರು. ತೂತು ಬಿದ್ದು ಎರಡು ವರ್ಷವಾಗಿತ್ತು, ಯಾರಿಗೂ ತಿಳಿದಿರಲಿಲ್ಲ. ಕೆನಡಾದ ತೆರಿಗೆ ಇಲಾಖೆಯಿಂದಲೇ ಸುಮಾರು 900 ಜನರ ಗುರುತಿನ ಸಂಖ್ಯೆಗಳು ಕಳವಾದವು. ಆಗ ಜನ ಕೇಳಿದರು, ಇದನ್ನು ನೋಡಿಕೊಳ್ಳುವವರು ಎಷ್ಟು ಮಂದಿ? ಪೂರ್ಣಾವಧಿ ದುಡಿಯುವವರು ಒಬ್ಬರೇ. ಅದುವರೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಆಗಿನ ಲೆಕ್ಕದಲ್ಲಿ 1 ಲಕ್ಷ 20 ಸಾವಿರ ರೂಪಾಯಿ! ಕೋಟಿ ಕೋಟಿ ಗಳಿಸುವ ಕಂಪನಿಗಳೆಲ್ಲ ಆ ಮಡಕೆಯ ನೀರನ್ನೇ ಕುಡಿಯುತ್ತಿದ್ದವು.

ಹತ್ತು ವರ್ಷ ಕಳೆದು 2024ರಲ್ಲಿ ಇನ್ನೊಂದು ಪ್ರಕರಣ ನಡೆಯಿತು. ಇದು ಮನಸ್ಸನ್ನು ಇನ್ನೂ ಕಲಕುತ್ತದೆ. ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶವನ್ನು ಫಿನ್ಲೆಂಡಿನ ಲಾಸ್ಸೆ ಕೊಲಿನ್ ಎಂಬವರು ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ, ವರ್ಷಗಟ್ಟಲೆ ನೋಡಿಕೊಂಡು ಬಂದಿದ್ದರು. ಕೆಲಸ ನಿಧಾನವಾಯಿತೆಂದು ಮುಖ ಕಾಣದ ಕೆಲವರು ಅವರನ್ನು ಪೀಡಿಸತೊಡಗಿದರು. ತನ್ನ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳದ ಕೆಲಸವಲ್ಲ ಎಂದು ಅವರು 2022ರಲ್ಲಿ ಬಹಿರಂಗವಾಗಿಯೇ ಹೇಳಿಕೊಂಡರು. ಆ ಹೊತ್ತಿಗೆ ಜಿಯಾ ಟ್ಯಾನ್ ಎಂಬ ಹೆಸರಿನಲ್ಲಿ ಒಬ್ಬ ಸಹಾಯಕ ಹತ್ತಿರ ಬಂದಿದ್ದ. ಎರಡು ವರ್ಷಕ್ಕೂ ಹೆಚ್ಚು ಕಾಲ ಸಭ್ಯನಂತೆ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ತಂತ್ರಾಂಶದೊಳಗೆ ಕಳ್ಳಬಾಗಿಲು ಇಟ್ಟುಬಿಟ್ಟ. ಮೈಕ್ರೋಸಾಫ್ಟ್‌ನಲ್ಲಿ ಕೆಲಸ ಮಾಡುವ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ತನ್ನ ಕಂಪ್ಯೂಟರ್ ಯಾಕೆ ಅರ್ಧ ಸೆಕೆಂಡು ತಡಮಾಡುತ್ತಿದೆ ಎಂದು ಹುಡುಕುತ್ತಾ ಹೋಗಿ ಅದನ್ನು ಕಂಡುಹಿಡಿದರು. ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಸ್ವಲ್ಪ ತಡವಾಗಿದ್ದರೆ ಲೆಕ್ಕವಿಲ್ಲದಷ್ಟು ಕಂಪ್ಯೂಟರ್‌ಗಳ ಬೀಗ ಕಳ್ಳರ ಕೈಸೇರುತ್ತಿತ್ತು.

ಇದನ್ನು ಓದುವಾಗ ನಿಮಗೆ ಯಾರ ನೆನಪಾಗುತ್ತದೆ? ದಿನಕ್ಕೆ ಮೂರು ಹೊತ್ತು ಅಡುಗೆ ಮಾಡಿ, ಎಲ್ಲರ ಬಟ್ಟೆ ಒಗೆದು, ಅತ್ತೆಯ ಮಾತ್ರೆ, ಮಕ್ಕಳ ಡಬ್ಬಿ ನೋಡಿಕೊಳ್ಳುವ ಗೃಹಿಣಿಯನ್ನು ಯಾರೂ ಹೇಗಿದ್ದೀಯ ಎಂದು ಕೇಳುವುದಿಲ್ಲ. ಒಂದು ದಿನ ಅವಳು ಜ್ವರದಿಂದ ಮಲಗಿದಾಗಲೇ ಮನೆ ನಿಂತುಹೋಯಿತೆಂದು ಗೊತ್ತಾಗುವುದು. ಆಗಲೂ ‘ಇವತ್ತು ತಿಂಡಿ ಯಾಕಿಲ್ಲ’ ಎಂದು ಕೇಳುವವರಿದ್ದಾರೆ. ಲೆಕ್ಕಕ್ಕೆ ಬಾರದ ದುಡಿಮೆಯ ಮೇಲೆ ನಿಂತ ಮನೆಯೂ ಒಂದೇ, ಜಗತ್ತೂ ಒಂದೇ. ಹೀಗಾಗಿ ಈ ವಿಷಯವನ್ನು ನಮಗಿಂತ ಚೆನ್ನಾಗಿ ಅರಿಯಬಲ್ಲವರು ಬೇರೆ ಯಾರಿದ್ದಾರೆ?

ಹಣ ಎಲ್ಲಿಂದ ಬರುತ್ತದೆ?

ಪರಿಹಾರವೇ ಇಲ್ಲವೆಂದಲ್ಲ. ಹಲವು ದಾರಿಗಳನ್ನು ಕಂಡುಕೊಂಡಿದ್ದಾರೆ.

ಒಂದು, ಬಳಕೆದಾರರೇ ಹನಿ ಹನಿ ಕೂಡಿಸುವುದು. ಬ್ಲೆಂಡರ್ ಎಂಬ ತಂತ್ರಾಂಶದಿಂದ ಕಾರ್ಟೂನ್ ಚಿತ್ರ ತಯಾರಿಸುತ್ತಾರೆ. ಅದನ್ನು ಮಾಡುತ್ತಿದ್ದ ಕಂಪನಿ 2002ರಲ್ಲಿ ಮುಚ್ಚಿತು. ಅದರ ಕರ್ತೃ ಟಾನ್ ರೋಸೆಂಡಾಲ್ ಜನರ ಮುಂದೆ ಕೈಚಾಚಿದರು. ಏಳೇ ವಾರಗಳಲ್ಲಿ 1 ಲಕ್ಷ ಯೂರೊ ಸೇರಿತು. ಹಕ್ಕನ್ನು ಕೊಂಡು ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅದರಲ್ಲೇ ಲಾಟ್ವಿಯಾದ ಒಂದು ಸಣ್ಣ ತಂಡ ‘ಫ್ಲೋ’ ಎಂಬ ಚಿತ್ರ ತಯಾರಿಸಿ 2025ರಲ್ಲಿ ಆಸ್ಕರ್ ಪ್ರಶಸ್ತಿ ಪಡೆಯಿತು.

ಎರಡು, ಬಳಸಿ ಲಾಭ ಮಾಡಿಕೊಂಡವರು ಹಿಂದಕ್ಕೆ ಕೊಡುವುದು. ಹಾರ್ಟ್‌ಬ್ಲೀಡ್ ಆದ ಬಳಿಕ ಗೂಗಲ್, ಮೈಕ್ರೋಸಾಫ್ಟ್, ಫೇಸ್‌ಬುಕ್ ಮುಂತಾದ ಕಂಪನಿಗಳು ಮೂರು ವರ್ಷ ಕಾಲ ತಲಾ ವರ್ಷಕ್ಕೆ 1 ಲಕ್ಷ ಡಾಲರ್ ಕೊಡಲು ಮುಂದೆ ಬಂದವು. ಜರ್ಮನಿ ಸರಕಾರ 2022ರಲ್ಲಿ ಇದಕ್ಕೆಂದೇ ಒಂದು ನಿಧಿ ಸ್ಥಾಪಿಸಿತು. ನಮ್ಮ ಬೆಂಗಳೂರಿನ ಝೆರೋಧಾ ಕಂಪನಿ 2024ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್‌ನ ನಿಧಿಯನ್ನು ಘೋಷಿಸಿತು. ಜಗತ್ತಿನ ಯಾವ ಮುಕ್ತ ತಂತ್ರಾಂಶದವರೂ ಅರ್ಜಿ ಹಾಕಬಹುದು, ಒಂದೊಂದಕ್ಕೆ 10 ಸಾವಿರದಿಂದ 1 ಲಕ್ಷ ಡಾಲರ್‌ವರೆಗೆ ಕೊಡುತ್ತೇವೆ ಎಂದಿತು. ಮುಕ್ತ ತಂತ್ರಾಂಶದಿಂದ ತಾನು ಬೆಳೆದೆ ಎಂಬುದನ್ನು ಒಪ್ಪಿಕೊಂಡು ಮಾಡಿದ ಕೆಲಸವಿದು.

ಮೂರನೆಯ ದಾರಿ ನಮ್ಮ ಸಣ್ಣ ವ್ಯಾಪಾರಿಗಳಿಗೆ ನೇರವಾಗಿ ಪಾಠವಾಗಬಲ್ಲದು. ತಂತ್ರಾಂಶ ಪುಕ್ಕಟೆ, ಸೇವೆಗೆ ಹಣ. ರೆಡ್ ಹ್ಯಾಟ್ ಎಂಬ ಕಂಪನಿ ಎಲ್ಲರಿಗೂ ಸಿಗುವ ಲಿನಕ್ಸನ್ನೇ ಇಟ್ಟುಕೊಂಡು, ಅದನ್ನು ಕೆಡದಂತೆ ನೋಡಿಕೊಡುವ ಕೆಲಸಕ್ಕೆ ಶುಲ್ಕ ಪಡೆದು ಬೆಳೆಯಿತು. 2019ರಲ್ಲಿ ಐಬಿಎಂ ಅದನ್ನು 3,400 ಕೋಟಿ ಡಾಲರಿಗೆ ಕೊಂಡಿತು. ವಿದ್ಯೆ ಹಂಚಿದರೆ ಗಿರಾಕಿ ಕೈತಪ್ಪುತ್ತಾರೆಂಬ ಭಯ ನಮ್ಮಲ್ಲಿ ಬಹಳ ಮಂದಿಗಿದೆ. ಮೆಹಂದಿಯ ಒಂದು ಸುಲಭ ಬಳ್ಳಿ ಬಿಡಿಸುವುದು ಹೇಗೆಂದು ವಿಡಿಯೊದಲ್ಲಿ ತೋರಿಸಿದರೆ ನಿಮ್ಮ ಮದುವೆ ಆರ್ಡರ್ ಕಡಿಮೆಯಾಗುವುದಿಲ್ಲ. ಮನೆಯಲ್ಲಿ ಕಲಿಯಲು ಯತ್ನಿಸಿದವಳಿಗೆ ನಿಮ್ಮ ಕೈಯ ಬೆಲೆ ಇನ್ನಷ್ಟು ತಿಳಿಯುತ್ತದೆ. ಮದುಮಗಳ ಎರಡೂ ಕೈಗೆ ಅವಳು ನಿಮ್ಮನ್ನೇ ಕರೆಯುತ್ತಾಳೆ. ಕಸೂತಿಯ ಬಟ್ಟೆ ಒಗೆಯುವುದು ಹೇಗೆ, ಮಸಾಲೆ ಪುಡಿ ಹುಳ ಹಿಡಿಯದಂತೆ ಇಡುವುದು ಹೇಗೆ ಎಂದು ಹೇಳಿಕೊಡಿ. ‘ಕೊಳ್ಳಿ ಕೊಳ್ಳಿ’ ಎಂದು ದಿನಕ್ಕೆ ಹತ್ತು ಸ್ಟೇಟಸ್ ಹಾಕುವುದಕ್ಕಿಂತ ಉಪಯೋಗಕ್ಕೆ ಬರುವ ಒಂದು ಮಾತು ಹೆಚ್ಚು ದೂರ ಹೋಗುತ್ತದೆ.

ನಮ್ಮಿಂದ ಏನಾದೀತು?

ನಾವು ಡಾಲರ್ ಕೊಡುವವರಲ್ಲ, ನಿಜ. ಆದರೆ ಕೊಡಲು ಬೇರೆಯೂ ಇದೆ. ಕಾಲೇಜಿಗೆ ಹೋಗುವ ಮಗಳಿದ್ದರೆ, ಮುಕ್ತ ತಂತ್ರಾಂಶಗಳನ್ನು ಕನ್ನಡಕ್ಕೆ ಅನುವಾದಿಸುವ ಕೆಲಸದಲ್ಲಿ ಕೈಜೋಡಿಸಲು ಹೇಳಿ. ಕಂಪ್ಯೂಟರ್ ಓದುವ ಮಗನಿದ್ದರೆ, ದೋಷ ಕಂಡಲ್ಲಿ ಬೈದು ಸುಮ್ಮನಾಗದೆ ಬರೆದು ತಿಳಿಸಲು ಹೇಳಿ. ನಿಮ್ಮ ಅಂಗಡಿಯ ವೆಬ್‌ಸೈಟ್ ಇಂಥ ತಂತ್ರಾಂಶದಿಂದ ನಡೆದು ಲಾಭ ಬರತೊಡಗಿದರೆ, ವರ್ಷಕ್ಕೊಮ್ಮೆ ನೂರು ರೂಪಾಯಿಯನ್ನಾದರೂ ಅದಕ್ಕೆ ತೆಗೆದಿಡಿ. ಮೊತ್ತ ದೊಡ್ಡದಲ್ಲ. ಆದರೆ ಯಾರೋ ನಮಗಾಗಿ ದುಡಿದಿದ್ದಾರೆಂಬ ನೆನಪು ದೊಡ್ಡದು.

ಎಚ್ಚರಿಕೆಯ ಎರಡು ಮಾತನ್ನೂ ಸೇರಿಸುತ್ತೇನೆ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ‘ನಾನು ಸೈನ್ಯದಲ್ಲಿದ್ದೇನೆ, ನೂರು ಡಬ್ಬ ಬೇಕು, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಮುಂಗಡ ಬರುತ್ತದೆ’ ಎಂದವರು ವಂಚಕರು. ಫೋನಿಗೆ ಬಂದ ಓಟಿಪಿಯನ್ನು ಯಾರಿಗೂ ಹೇಳಬೇಡಿ. ವಾಟ್ಸ್‌ಆ್ಯಪಿನಲ್ಲಿ ಟು ಸ್ಟೆಪ್ ವೆರಿಫಿಕೇಶನ್ ಎಂಬುದನ್ನು ಇಂದೇ ಹಾಕಿಸಿಕೊಳ್ಳಿ. ಬಾಡಿಗೆ ಜಾಗವಾದರೂ ನಮ್ಮ ಬೀಗ ನಾವು ಹಾಕಲೇಬೇಕಲ್ಲವೇ?

ಕೊನೆಯದಾಗಿ ಒಂದು ಕೆಲಸ. ಇಂದು ರಾತ್ರಿ ನೋಟ್‌ಬುಕ್ ತೆಗೆದು ಕಳೆದ ತಿಂಗಳ ವ್ಯಾಪಾರವನ್ನು ಬರೆಯಿರಿ. ಸಾಮಾನಿನ ಖರ್ಚು, ಜಾಹೀರಾತಿನ ಖರ್ಚು, ಬಂದ ಹಣ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ನನ್ನ ದುಡಿಮೆಯ ಗಂಟೆಗಳು. ಗಂಟೆಗೆ ಇಷ್ಟೆಂದು ನೀವೇ ಒಂದು ಕೂಲಿ ಹಾಕಿ. ಆ ಮೇಲೆ ನಿಮ್ಮ ಸಾಮಾನಿನ ಬೆಲೆ ಸರಿಯಿದೆಯೇ ಎಂದು ನೋಡಿ. ಲೆಕ್ಕ ಕಂಡು ಮನೆಯವರು ಆಶ್ಚರ್ಯಪಟ್ಟರೆ ಪಡಲಿ. ಪುಕ್ಕಟೆಯಾಗಿ ಸಿಕ್ಕಿದ್ದರ ಹಿಂದೆ ಯಾರದೋ ಬೆವರಿದೆ ಎಂಬುದನ್ನು ಅವರೂ ತಿಳಿದುಕೊಳ್ಳಲಿ.